ಎರಡನೇ ಲೋಟ

ಬರಗೂರಿನಾಚೆಯ ಗೊಲ್ಲರಹಟ್ಟಿಯಲ್ಲಿ ದೇವರ ಹಸುಗಳನ್ನು ಕಾಯುವ ಓಬಯ್ಯನಿಗೆ ೧೯೮೬ರ ಬೇಸಿಗೆಯಲ್ಲಿ ಒಂದೇ ಜಪ: ಹಟ್ಟಿಗೆ ಸರ್ಕಾರಿ ಮೇವು ಬರಬೇಕು. ಬರದ ನಕ್ಷೆಗೆ ಊರು ಸೇರಿದರೆ ಮೇವು. ಇಲ್ಲದಿದ್ದರೆ ದೇವರ ಹಸುಗಳು ದೇವರ ಹತ್ತಿರವೇ ಹೋಗಬೇಕು.

ನಕ್ಷೆ ಮಾಡಲು ಬಂದ ಅಧಿಕಾರಿ ನಂದೀಶ್ವರಯ್ಯ, ಉಪಗ್ರಹ ತೆಗೆದ ಚಿತ್ರವನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿದರು. ಅದರಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತದಂತೆ. ಹಟ್ಟಿಯ ಕೆರೆಯಂಗಳವೋ ಕುಂಕುಮ ಚೆಲ್ಲಿದ ಹಾಗಿತ್ತು. ಇಷ್ಟು ಸೊಂಪಾದ ಬೆಳೆ ಇಟ್ಟುಕೊಂಡು ಬರ ಅಂದರೆ ಹೇಗೆ ಎಂದು ಕೇಳಿದರು. ಓಬಯ್ಯ ಅವರನ್ನು ಒಣಗಿದ ಕೆರೆಯೊಳಕ್ಕೇ ನಡೆಸಿದ. ಹತ್ತು ಹೆಜ್ಜೆಗೆ, ಅಲ್ಲಿ ಹಸಿರಾಗಿ ಹಬ್ಬಿದ್ದ ಬಳ್ಳಾರಿ ಜಾಲಿಯ ಮುಳ್ಳು ಸಾಹೇಬರ ಬೂಟಿನ ಅಟ್ಟೆ ದಾಟಿ ಅಂಗಾಲು ಸೇರಿತು.

“ಅಷ್ಟೆತ್ತರದಿಂದ ಮುಳ್ಳು ಕಾಣಾಕಿಲ್ವಾ ಸ್ವಾಮಿ?”

ಕುಂಟುತ್ತಾ ಬಂದ ಸಾಹೇಬರು ಪೆನ್ನು ತೆಗೆದರು. ‘ಬರ’ ಎಂದು ಬರೆಯುವುದೊಂದೇ ಬಾಕಿ. ಅಷ್ಟರಲ್ಲಿ ಓಬಯ್ಯನ ಅಕ್ಕ ಕ್ಯಾತಮ್ಮ ಅಂಚಿನವರೆಗೆ ತುಂಬಿದ ಹಾಲಿನ ಲೋಟ ತಂದಳು. ಹಟ್ಟಿಗೆ ಬಂದವರು ಹಾಲು ಕುಡಿಯದೆ ಹೋದರೆ ಅವಳ ಪಾಲಿಗೆ ಮಾನವೇ ಹೋದಂತೆ. ಹದಿಮೂರು ಮನೆ ಸುತ್ತಿ, ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ಮನೆಗೊಂದರಂತೆ ಅಳೆದು ಕೂಡಿಸಿದ ಹಾಲು ಅದೆಂದು ಓಬಯ್ಯನಿಗೆ ಗೊತ್ತು.

ಸಾಹೇಬರು ಕುಡಿದು, ಮೀಸೆ ಒರೆಸಿಕೊಂಡು, ಹಾಲಿಗೇನೂ ಬರವಿಲ್ಲವಲ್ಲ ಅಂದರು.

“ಅದಕ್ಯಾಕ್ ಬತ್ತದೆ ಬರ? ಇನ್ನೂ ಬೇಕಾದಷ್ಟೈತೆ, ಕುಡೀರಿ,” ಎಂದಳು ಕ್ಯಾತಮ್ಮ.

ಪೆನ್ನಿನ ಮುಚ್ಚಳ ಮತ್ತೆ ಪೆನ್ನಿನ ಮೇಲೆ ಕೂತಿತು. ಅಕ್ಕ ಸುಳ್ಳು ಹೇಳಿದಳು ಅನ್ನುವುದು ಬಂದವರೆದುರು ಆಡುವ ಮಾತಲ್ಲ. ಓಬಯ್ಯ ಮನಸ್ಸಿನಲ್ಲೇ ದೇವರಿಗೆ ಕೈಮುಗಿದ.

“ಅಂಗಾದ್ರೆ ಇನ್ನೊಂದ್ ಲೋಟ ತಗಂಬಾರಕ್ಕ,” ಅಂದ.

ಅವಳು ನೋಡಿದ ನೋಟಕ್ಕೆ ಜಾಲಿ ಮುಳ್ಳೇ ಮೆತ್ತಗೆ. ಆದರೂ ಹೋದಳು. ಜೀಪಿನ ಡ್ರೈವರ್ ಒಂದು ಬೀಡಿ ಮುಗಿಸಿದ, ಎರಡು ಮುಗಿಸಿದ. ಗುಡಿಸಲಿಂದ ಗುಡಿಸಲಿಗೆ ಓಡುವ ಅವಳ ಸೆರಗನ್ನು ಸಾಹೇಬರು ನೋಡುತ್ತಲೇ ಇದ್ದರು. ಕೊನೆಗೆ ಲೋಟ ಬಂತು. ತಳದಲ್ಲಿ ಎರಡು ಬೆರಳಷ್ಟು ಹಾಲು. ಅದರ ಹಿಂದೆಯೇ, ಕಂಕುಳಲ್ಲಿ ಅಳುವ ಕೂಸನ್ನು ಹೊತ್ತು, ತನ್ನ ಒಳಲೆ ಹಾಲು ವಾಪಸ್ಸು ಕೇಳಿಕೊಂಡು ಪಕ್ಕದ ಮನೆಯ ಹೊನ್ನಕ್ಕ.

ಸಾಹೇಬರು ಹಾಲನ್ನು ಕೂಸಿಗೆ ಕುಡಿಸಿದರು. ಚಿತ್ರದ ಕೆಂಪಿನ ಮೇಲೆ ‘ಜಾಲಿ’ ಎಂದು ಬರೆದು, ಊರನ್ನು ಬರಕ್ಕೆ ಸೇರಿಸಿದರು.

ಮಾನ ಕಳೆದನೆಂದು ಕ್ಯಾತಮ್ಮ ತಮ್ಮನ ಜೊತೆ ಮಾತು ಬಿಟ್ಟಳು. ಹದಿನೈದನೇ ದಿನ ಮೇವಿನ ಲಾರಿ ಬಂತು. ದೇವರ ಹಸುಗಳು ಹುಲ್ಲಿಗೆ ಬಾಯಿ ಹಾಕಿದ್ದನ್ನು ಕಣ್ತುಂಬ ನೋಡಿದ ಮೇಲೆ ಅವಳೂ ಬಾಯಿ ಬಿಟ್ಟಳು:

“ಲೇ ಓಬ, ಲಾರಿಯಪ್ಪ ಅಂಗೇ ಹೊಂಟವ್ನೆ. ಹಾಲು ಕುಡಿಯಾಕೆ ಕರಿಯೋ.”