ಅಳಿಯಂದಿರು ಆರಿಸಿದ ಕ್ಯಾಮೆರಾ

ನನ್ನ ಹುಟ್ಟೂರು ಯಾವುದೆಂದು ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ. ಅದನ್ನು ಬರೆದ ಚೀಟಿಯೊಂದು ನನ್ನ ಹೊಟ್ಟೆಯಡಿ ಇತ್ತು. ಕೈ ಬೆವರಿಗೆ ಅದು ಅಳಿಸಿಹೋಗಿ ವರ್ಷಗಳಾದವು. ನೆನಪಿರುವುದು ಇಷ್ಟೇ: ಧೂಳಿಲ್ಲದ ಬೆಳ್ಳನೆಯ ಕೋಣೆ, ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು, ಅವರಲ್ಲೊಬ್ಬಳು ನನ್ನೊಳಗೆ ಪುಟ್ಟ ಕನ್ನಡಿಯೊಂದನ್ನು ಕೂರಿಸಿದ್ದು. ಗುಂಡಿ ಒತ್ತಿದರೆ ಆ ಕನ್ನಡಿ ಮೇಲಕ್ಕೆ ಹಾರಿ ಚಟಕ್ ಎನ್ನುತ್ತದೆ. ನಮ್ಮ ಜಾತಿಗೆ ಡಿಎಸ್‌ಎಲ್‌ಆರ್ ಎಂದು ಹೆಸರು. ಜನ ಅಷ್ಟೆಲ್ಲ ಹೇಳದೆ ದೊಡ್ಡ ಕ್ಯಾಮೆರಾ ಎಂದುಬಿಡುತ್ತಾರೆ. ಆ ದೊಡ್ಡವರಲ್ಲಿ ನಾನು ತೀರ ಕೆಳಗಿನ ಮೆಟ್ಟಿಲಿನವನು, ಹೊಸದಾಗಿ ಕಲಿಯುವವರಿಗೆಂದು ಮಾಡಿದವನು. ಆದರೆ ಆಗ ನನಗೆ ಅದು ಗೊತ್ತಿರಲಿಲ್ಲ.

ಹಡಗು, ಲಾರಿ ಎಲ್ಲ ಹತ್ತಿಳಿದು ಹುಬ್ಬಳ್ಳಿಯ ಒಂದು ಅಂಗಡಿಯ ಗಾಜಿನ ಕಪಾಟಿಗೆ ಬಂದು ಕೂತೆ. ಪಕ್ಕದಲ್ಲಿ ಸೂಪರ್‌ಜೂಮ್ ಒಬ್ಬ ಕೂತಿದ್ದ. ನೋಡಲು ನನ್ನದೇ ವೇಷ, ಒಳಗೆ ಕನ್ನಡಿಯಿಲ್ಲ. ಲೆನ್ಸ್ ಹುಟ್ಟುವಾಗಲೇ ಅಂಟಿಕೊಂಡದ್ದು, ಬಿಚ್ಚಲು ಬರುವುದಿಲ್ಲ. ಆದರೆ ಗುಂಡಿ ತಿರುಗಿಸಿದರೆ ಮೂತಿ ಮುಂದೆ ಮುಂದೆ ಬಂದು ಎಲ್ಲೋ ಇರುವುದನ್ನು ಎದುರಿಗೆ ತಂದು ನಿಲ್ಲಿಸುತ್ತಿತ್ತು. ನಾನು ಅವನನ್ನು ಕಂಡು ಮೂಗು ಮುರಿಯುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿನ ಇಬ್ಬರು ಬಂದರು. ಹಿರಿಯರು ದಾವಲಸಾಬ ನದಾಫ. ಗದಗದ ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಬಸ್ಸಿನಡಿಯ ಗುಂಡಿಯಲ್ಲಿ ಬಗ್ಗಿ ನಿಂತು ನಿಂತು ಮೊಣಕಾಲು ಸವೆದಿದ್ದವು. ಜೊತೆಗಿದ್ದವನು ಅಳಿಯ ಖಾದರ. ಸವಣೂರಿನಲ್ಲಿ ಹೊಲಿಗೆ ಅಂಗಡಿ, ಮದುವೆಯಾಗಿ ಇನ್ನೂ ಎರಡೇ ತಿಂಗಳು.

ದಾವಲಸಾಬ ತಮಗೆ ಬೇಕಾದದ್ದನ್ನು ನೆಟ್ಟಗೆ ಹೇಳಿದರು. "ನಮ್ಮೂರ ಕೆರಿಗೆ ಚಳಿಗಾಲಕ್ಕ ಬಾತು ಬರ್ತಾವ್ರಿ, ಭಾಳ ದೂರದ ದೇಶದಿಂದ. ಅದರಾಗ ಒಂದರ ಕೊಳ್ಳಾಗ ಹಸರ ಪಟ್ಟಿ ಐತಿ. ಪಟ್ಟಿ ಮ್ಯಾಲ ನಂಬರ ಐತಿ. ಅದು ಫೋಟೋದಾಗ ಓದಾಕ ಬರಬೇಕು."

ಅದರ ಹಿಂದೊಂದು ಕಥೆಯಿತ್ತು. ಆ ಬಾತನ್ನು ಅವರು ಎರಡು ಚಳಿಗಾಲ ಕಂಡಿದ್ದರು. ಕಂಡದ್ದನ್ನು ಚಹಾದಂಗಡಿಯಲ್ಲಿ ಹೇಳಿ ಕೆಟ್ಟರು. "ಏ ದಾವಲಸಾಬ, ನಿನ್ನ ಬಾತು ಯಾವ ಕಾನ್ವೆಂಟಿಗೆ ಹೊಂಟೈತೋ, ಟೈ ಕಟ್ಕೊಂಡು?" ಎಂದು ಊರೇ ನಕ್ಕಿತು. ವರ್ಷಕ್ಕೊಮ್ಮೆ ಹಕ್ಕಿ ಎಣಿಸಲು ಬರುವ ಕಾಲೇಜಿನ ಯಾವಗಲ್ ಸರ್ ಮಾತ್ರ ನಗಲಿಲ್ಲ. ಮಂಗೋಲಿಯಾದಲ್ಲಿ ಹಾಗೆ ಪಟ್ಟಿ ಹಾಕಿ ಬಿಡುವುದುಂಟು, ಆದರೆ ನಂಬರ ಕಾಣುವ ಫೋಟೋ ಇಲ್ಲದೆ ಬರೀ ಮಾತನ್ನು ಯಾರೂ ಒಪ್ಪುವುದಿಲ್ಲ ಎಂದಿದ್ದರು. ಡಿಪೋದಲ್ಲಿ ದಾವಲಸಾಬರು ಗಾಡಿ ಸರಿಯಿದೆ ಎಂದರೆ ಡ್ರೈವರ್ ಎರಡನೇ ಮಾತಿಲ್ಲದೆ ಹತ್ತುತ್ತಿದ್ದ. ಅಂಥವರಿಗೆ ಈ ವಯಸ್ಸಿನಲ್ಲಿ ಸುಳ್ಳುಗಾರ ಎನ್ನಿಸಿಕೊಳ್ಳುವುದು ನುಂಗಲಾರದ ತುತ್ತಾಗಿತ್ತು.

ಅಂಗಡಿಯವನು ಸೂಪರ್‌ಜೂಮ್ ತೆಗೆದು ಕೈಗಿಟ್ಟ. "ದೂರದ್ದು ನೋಡೂದಿದ್ರ ಇದಽ ಒಯ್ರಿ."

ದಾವಲಸಾಬ ಅದನ್ನು ಬಾಗಿಲಾಚೆ ತಿರುಗಿಸಿದರು. ಮೂತಿ ಮುಂದೆ ಬಂತು. ರಸ್ತೆಯ ಆ ತುದಿಯಲ್ಲಿ ನಿಂತಿದ್ದ ಬಸ್ಸಿನ ನಂಬರ್ ಪ್ಲೇಟನ್ನು ಅಕ್ಷರ ಬಿಡದೆ ಗಟ್ಟಿಯಾಗಿ ಓದಿದರು. ಅವರ ಮುಖ ಅರಳಿದ್ದನ್ನು ಕಪಾಟಿನೊಳಗಿಂದ ನಾನು ನೋಡಿದೆ. ಆಮೇಲೆ, ಬಹುಶಃ ಸಂತೋಷ ಹೆಚ್ಚಾಗಿ, ಒಂದು ತಪ್ಪು ಮಾಡಿದರು. "ನೀವೇನಂತೀರಿ, ಅಳ್ಯಾರ?" ಎಂದರು.

ಅದು ಬರೀ ಮರ್ಯಾದೆಗೆ ಕೇಳಿದ್ದು. ಖಾದರನಿಗೆ ಅದು ಹೇಗೆ ತಿಳಿಯಬೇಕು? ಮಾವ ತನ್ನನ್ನು ಮೊದಲ ಸಲ ಒಂದು ಮಾತು ಕೇಳಿದ್ದಾರೆ ಎಂದು ಪಾಪ ಎದೆಯುಬ್ಬಿಸಿ ಮುಂದೆ ಬಂದ. "ಮಾವಾರ, ಅದು ಹುಡುಗ್ರ ಆಟಗಿ ಸಾಮಾನ ಇದ್ದಂಗ ಐತ್ರಿ. ನಾಕು ಮಂದ್ಯಾಗ ಕೊಳ್ಳಾಗ ಹಾಕ್ಕೊಂಡ್ರ ಕ್ಯಾಮೆರಾ ಅನ್ನಿಸ್ಬೇಕು. ಇದನ್ನ ತಗೊಳ್ರಿ. ಬೇಕಾದಾಗ ಬ್ಯಾರೆ ಲೆನ್ಸ್ ಹಾಕ್ಕೊಳ್ಳಾಕ ಬರ್ತೈತಿ," ಎಂದು ನನ್ನನ್ನು ತೋರಿಸಿದ.

ಅಂಗಡಿಯವನು ಬಾಯಿ ತೆರೆದ. ದಾವಲಸಾಬ ಕಣ್ಣಿನಲ್ಲೇ ಅವನನ್ನು ತಡೆದರು. ಮಗಳನ್ನು ಕೊಟ್ಟ ಮನೆಯ ಹೊಸ ಅಳಿಯ. ಪರರ ಮುಂದೆ ಅವನ ಮಾತು ತೆಗೆದುಹಾಕಿದರೆ ಸವಣೂರಿನಲ್ಲಿ ಮಗಳು ತಲೆ ತಗ್ಗಿಸಬೇಕಾಗುತ್ತದೆ. ಸೂಪರ್‌ಜೂಮನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟು, "ಅಳಿಯಂದ್ರು ಹೇಳಿದ್ದಽ ಕಟ್ರಿ," ಎಂದರು. ನಾನು ಗೆದ್ದೆ ಎಂದುಕೊಂಡೆ. ಹೊರಗೆ ಬರುವಾಗ ಪಕ್ಕದವನ ಕಡೆ ತಿರುಗಿಯೂ ನೋಡಲಿಲ್ಲ.

ನನ್ನ ಜಂಬ ಇಳಿಯಲು ಒಂದು ತಿಂಗಳು ಸಾಕಾಯಿತು. ಬಾತುಗಳು ಬಂದವು, ನೂರಾರು. ಕೆರೆಯ ಏರಿಯ ಮೇಲೆ ನಿಂತು ದಾವಲಸಾಬ ನನ್ನನ್ನು ಕಣ್ಣಿಗಿಟ್ಟರು. ನನ್ನ ಜೊತೆ ಪೆಟ್ಟಿಗೆಯಲ್ಲಿ ಬಂದಿದ್ದ ಲೆನ್ಸು ಎದುರಿಗೆ ಕೂತವರ ಮುಖ ತೆಗೆಯಲು ಹೇಳಿ ಮಾಡಿಸಿದ್ದು. ಅಷ್ಟು ದೂರದ ಬಾತುಗಳು ಅದಕ್ಕೆ ಚೆಲ್ಲಿದ ಎಳ್ಳಿನ ಹಾಗೆ ಕಂಡವು. ಎಳ್ಳಿಗೆ ಕೊರಳೆಲ್ಲಿ, ಕೊರಳಿಗೆ ಪಟ್ಟಿಯೆಲ್ಲಿ? ದಿನಾ ಬೆಳಿಗ್ಗೆ ಹೋದೆವು, ದಿನಾ ಎಳ್ಳನ್ನೇ ಹೊತ್ತು ತಂದೆವು. ದೂರದ್ದನ್ನು ತೆಗೆಯುವ ಲೆನ್ಸಿಗೆ ನನ್ನಂಥ ಇಬ್ಬರ ಬೆಲೆ ಎಂದು ತಿಳಿದ ದಿನ ಅವರು ಆ ಮಾತನ್ನೇ ಬಿಟ್ಟರು.

ಅವರ ಹೆಂಡತಿ ಹುಸೇನಬಿಗೆ ವಿಷಯ ಗೊತ್ತಾಗಿಬಿಟ್ಟಿತು. "ಇದನ್ನ ತಿರುಗಿ ಕೊಟ್ಟು ಆ ಇನ್ನೊಂದನ್ನಽ ತಗೊಂಡು ಬರ್ರಲಾ," ಎಂದರು.

"ಅಳಿಯಂದ್ರು ಆರಿಸಿದ್ದನ್ನ ತಿರುಗಿ ಕೊಡಾಕ ಬರ್ತೈತೇನು? ನೀನು ಬಾಯಿ ಬಿಡಬ್ಯಾಡ," ಎಂದು ದಾವಲಸಾಬ ಮಾತು ಮುಗಿಸಿದರು.

ಖಾದರ ಬಂದಾಗಲೆಲ್ಲ ಮೊದಲು ಕೇಳುವ ಮಾತು, "ಹೆಂಗೈತ್ರಿ ಮಾವಾರ ಕ್ಯಾಮೆರಾ?" ದಾವಲಸಾಬ, "ಚಲೋ ಐತ್ರಿ," ಎನ್ನುತ್ತಿದ್ದರು. ಅದು ಸುಳ್ಳಲ್ಲ. ಮನೆಯವರ ಮುಖ, ತವರಿಗೆ ಬಂದ ಮಗಳು, ಬಾಗಿಲ ಮುಂದಿನ ಆಡು, ಇವನ್ನೆಲ್ಲ ನಾನು ಚೆನ್ನಾಗಿಯೇ ತೆಗೆಯುತ್ತಿದ್ದೆ. ಬಾತಿನ ಫೋಟೋ ಬಂತೇ ಎಂದು ಕೇಳಿದರೆ, "ಇನ್ನ ಹತ್ರ ಬರವಲ್ವು," ಎನ್ನುತ್ತಿದ್ದರು. ಅದೂ ಸುಳ್ಳಲ್ಲ. ಹೀಗೆ ಒಂದೊಂದು ಮಾತನ್ನೂ ಆರಿಸಿ ಆಡುವುದರಲ್ಲಿ ಆ ಮನುಷ್ಯ ದಣಿಯುತ್ತಿದ್ದರು. ಅವರ ಕೊರಳಲ್ಲಿ ತೂಗುತ್ತ ನಾನೂ ದಣಿಯುತ್ತಿದ್ದೆ. ಬೇಡವಾದವನಾಗಿ ಮೂಲೆಯಲ್ಲಿ ಬಿದ್ದಿದ್ದರೆ ವಾಸಿಯಿತ್ತು. ಬೇಡವಾಗಿಯೂ ದಿನಾ ಕೊರಳಲ್ಲಿ ಮೆರೆಯುವುದು ಸಾಕಾಗಿಹೋಗಿತ್ತು.

ಎರಡನೆಯ ಚಳಿಗಾಲದಲ್ಲಿ ದಾರಿ ತೋರಿಸಿದವನು ಕುರಿ ಕಾಯುವ ಮಾಳಪ್ಪ. ಬೆಳಗಾದರೆ ಬಾತುಗಳು ಕೆರೆ ಬಿಟ್ಟು ಶೇಂಗಾ ಕಿತ್ತ ಹೊಲಗಳಿಗೆ ಇಳಿಯುತ್ತಿದ್ದವು, ಮಣ್ಣಲ್ಲಿ ಉಳಿದ ಕಾಯಿ ಹೆಕ್ಕಲು. ಅದೇ ಹೊಲಗಳಲ್ಲಿ ಮಾಳಪ್ಪನ ಕುರಿಗಳೂ ಮೇಯುತ್ತಿದ್ದವು. "ಬಾತು ಮನಷಾಗ ಅಂಜತಾವು, ಕುರಿಗೆ ಅಂಜೂದಿಲ್ಲ," ಎಂದ ಮಾಳಪ್ಪ. "ನನ್ನ ಕಂಬಳಿ ಹೊತ್ಕೊಂಡು, ಕುರಿ ನಡುವ ನಾಕು ಕಾಲ ಮ್ಯಾಲ ನಡೀರಿ, ಸಾಬರ. ನಾ ಮೆಲ್ಲಕ ಹೊಡಕೊಂಡು ಬರ್ತೀನಿ."

ಅರವತ್ತು ದಾಟಿದ ಮುದುಕರು, ಸವೆದ ಮೊಣಕಾಲು, ಇಬ್ಬನಿಗೆ ತೊಯ್ದ ಎರೆಮಣ್ಣು. ಆದರೂ ಕಂಬಳಿ ಹೊತ್ತು ಕುರಿಗಳ ನಡುವೆ ಅಂಬೆಗಾಲಿಕ್ಕಿ ಹೊರಟರು. ಕೊರಳಿನಿಂದ ಜೋತು ನಾನು ಮಣ್ಣು ಸವರುತ್ತ ಸಾಗಿದೆ. ಒಂದು ಕುರಿ ಅವರ ಬೆನ್ನಿಗೆ ಮೈ ಉಜ್ಜಿತು, ಇನ್ನೊಂದು ನನ್ನ ಪಟ್ಟಿಯನ್ನು ಜಗಿಯಲು ನೋಡಿತು. ನಾಲ್ಕು ಹೆಜ್ಜೆಗೊಮ್ಮೆ ಅವರು ನಿಂತು ನರಳುವುದು ನನಗೆ ಕೇಳುತ್ತಿತ್ತು. ಅರ್ಧ ಹೊಲ ದಾಟುವ ಹೊತ್ತಿಗೆ ಬಿಸಿಲೇರಿತ್ತು.

ಆಮೇಲೆ ಅವರು ತಟ್ಟನೆ ನಿಂತರು. ಇಪ್ಪತ್ತು ಹೆಜ್ಜೆ ಮುಂದೆ ಆ ಬಾತು ನಿಂತಿತ್ತು. ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟೆ, ಕೊರಳಲ್ಲಿ ಹಸಿರು ಪಟ್ಟಿ, ಪಟ್ಟಿಯ ಮೇಲೆ ಬೆಳ್ಳಗಿನ ಅಕ್ಷರ. ದಾವಲಸಾಬರ ಕಣ್ಣಿಗೆ ದೂರದ್ದು ಇನ್ನೂ ಸೊಗಸಾಗಿ ಕಾಣುತ್ತಿತ್ತು, ಹತ್ತಿರದ್ದಕ್ಕಷ್ಟೇ ಕನ್ನಡಕ. "ಎಚ್ ಅರವತ್ಮೂರು," ಎಂದು ತುಟಿಯಲ್ಲೇ ಓದಿಕೊಂಡರು. ಇನ್ನೊಮ್ಮೆ ಓದಿದರು. ನಂತರ ನನ್ನನ್ನೆತ್ತಿ ಗುಂಡಿ ಒತ್ತಿದರು.

ನನ್ನ ಇಡೀ ಆಯುಷ್ಯದ ಕೆಲಸ ಆ ಒಂದು ಕ್ಷಣದಲ್ಲಿತ್ತು. ನಾನು ಅದನ್ನು ಕೆಡಿಸಿದೆ. ಅದೇ ಹೊತ್ತಿಗೆ ಮುಂದಿದ್ದ ಕುರಿಯೊಂದು ತಲೆಯೆತ್ತಿತು. ಹತ್ತಿರದ್ದನ್ನು ಕಂಡರೆ ಅದಕ್ಕೇ ಜೋತುಬೀಳುವುದು ನನ್ನ ಸ್ವಭಾವ. ಕುರಿಯ ಕಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಬಾತನ್ನು ಬಿಟ್ಟೆ. ಚಟಕ್ ಎಂದೆ. ಆ ಸದ್ದಿಗೆ ಹೊಲಕ್ಕೆ ಹೊಲವೇ ಎದ್ದು ಹಾರಿತು.

ಫೋಟೋದಲ್ಲಿ ಕಿವಿಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು. ಅದರಾಚೆ ಬೂದು ಬಣ್ಣದ ಒಂದು ಮುದ್ದೆ, ಮುದ್ದೆಯ ನಡುವೆ ಹಸಿರು ಕಲೆ. ದಾವಲಸಾಬ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅಂಗಿಯ ತುದಿಯಿಂದ ನನ್ನ ಮೈಯ ಮಣ್ಣು ಒರೆಸಿ ಚೀಲಕ್ಕೆ ಹಾಕಿದರು, ಅಷ್ಟೆ.

ಯಾವಗಲ್ ಸರ್ ಆ ವರ್ಷ ಬಂದಾಗ ದಾವಲಸಾಬ ಅದೇ ಫೋಟೋ ತೋರಿಸಿದರು. ಸರ್ ಅದನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿ, "ಪಟ್ಟಿ ಇರಬಹುದ್ರಿ. ನಂಬರ ಕಾಣೂದಿಲ್ಲಲ್ಲ," ಎಂದರು.

"ಕಣ್ಣಿಲೆ ಓದೇನ್ರಿ, ಸರ್. ಎಚ್ ಅರವತ್ಮೂರು. ಗಾಡಿ ನಂಬರ ಓದಿದಾವ ನಾ, ತಪ್ಪೂದಿಲ್ಲ."

ಸರ್ ಒಳ್ಳೆಯವರು. ಕೆರೆಯ ಲೆಕ್ಕ ಬರೆಯುವ ನೋಟಬುಕ್ಕಿನ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಅದನ್ನು ಬರೆದು, ಮುಂದೆ ಪ್ರಶ್ನೆಯ ಚಿಹ್ನೆ ಹಾಕಿಕೊಂಡರು. ಆ ಚಿಹ್ನೆಯನ್ನು ದಾವಲಸಾಬ ಕಂಡರು. ಚಹಾದಂಗಡಿಗೆ ಹೋಗುವುದನ್ನು ಅಂದಿನಿಂದ ಬಿಟ್ಟೇಬಿಟ್ಟರು. ಹೊಲದಲ್ಲಿ ಅಂಬೆಗಾಲಿಕ್ಕಿದ್ದಕ್ಕೆ ಮೊಣಕಾಲು ಬಾತುಕೊಂಡು ಎರಡು ತಿಂಗಳು ಹಾಸಿಗೆ ಹಿಡಿದರು. ಮುಂದಿನ ಚಳಿಗಾಲಗಳಲ್ಲಿ ಕೋಲೂರಿಕೊಂಡು ಏರಿಯವರೆಗೆ ಹೋಗಿ, ಎಳ್ಳಿನಂಥ ಬಾತುಗಳನ್ನು ಬರಿಗಣ್ಣಿನಿಂದ ನೋಡಿ ಬರುತ್ತಿದ್ದರು.

ನನ್ನ ಗತಿಯೂ ಅಷ್ಟಕ್ಕಷ್ಟೇ. ಖಾದರ ಕೆಲಕಾಲ ಸವಣೂರಿಗೆ ಒಯ್ದ. ಹೊಲಿದ ಅಂಗಿಗಳ ಫೋಟೋ ತೆಗೆದೆ, ಅವನ ಮಗಳ ಮೊದಲ ಹಲ್ಲಿನ ಫೋಟೋ ತೆಗೆದೆ. ಮೊಬೈಲಿನಲ್ಲೇ ಎಲ್ಲ ಆಗತೊಡಗಿದ ಮೇಲೆ ತಿರುಗಿ ಮಾವನ ಮನೆ ಸೇರಿದೆ. ಲೆನ್ಸಿನೊಳಗೆ ಬೂಷ್ಟು ಹಿಡಿಯಿತು. ಮೈಯ ರಬ್ಬರು ಅಂಟಂಟಾಯಿತು. ಬ್ಯಾಟರಿ ಒಂದು ದಿನ ಎಷ್ಟು ಹೊತ್ತು ಚಾರ್ಜಿಗಿಟ್ಟರೂ ಏಳಲಿಲ್ಲ.

ಹೊಲದ ಆ ಬೆಳಿಗ್ಗೆಯಿಂದ ನಾಲ್ಕು ವರ್ಷ ಕಳೆದಿದ್ದವು. ರಜೆಗೆಂದು ಖಾದರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ. ಕೆರೆಗೆ ಹೋಗೋಣ ಎಂದಾಗ ದಾವಲಸಾಬ ನನ್ನನ್ನು ತೆಗೆದು ಕೊರಳಿಗೆ ಹಾಕಿಕೊಂಡರು. "ಸತ್ತದ್ದನ್ನ ಯಾಕ ಹೊರ್ತೀರಿ?" ಎಂದು ಹುಸೇನಬಿ ಪಿಸುಗುಟ್ಟಿದರು. "ಅಳಿಯಂದ್ರು ಬಂದಾರ," ಎಂದಷ್ಟೇ ಅಂದರು ಅವರು.

ಏರಿಯ ಮೇಲೆ ಯಾವಗಲ್ ಸರ್ ಇದ್ದರು, ಜೊತೆಗೆ ಅವರ ವಿದ್ಯಾರ್ಥಿನಿಯೊಬ್ಬಳು. ಅವಳ ಕೈಯಲ್ಲಿದ್ದುದನ್ನು ಕಂಡ ಕೂಡಲೇ ನನಗೆ ಗುರುತು ಸಿಕ್ಕಿತು. ಅಂಗಡಿಯಲ್ಲಿ ನನ್ನ ಪಕ್ಕ ಕೂತಿದ್ದವನ ಜಾತಿ. ಮೂತಿ ಮುಂದೆ ಮುಂದೆ ಬಂತು. ಹುಡುಗಿ ನಿಂತಲ್ಲೇ ಒಮ್ಮೆ ಗುಂಡಿ ಒತ್ತಿ, ಪರದೆ ನೋಡಿ, "ಸರ್, ಒಂದರ ಕೊಳ್ಳಾಗ ಹಸರ ಕಾಲರ್ ಐತ್ರಿ. ಎಚ್ ಅರವತ್ಮೂರು," ಎಂದಳು.

ಅಂಬೆಗಾಲಿಲ್ಲ, ಕಂಬಳಿಯಿಲ್ಲ, ಬಾತುಕೊಂಡ ಮೊಣಕಾಲಿಲ್ಲ. ಒಂದು ಗುಂಡಿ, ಅಷ್ಟೇ.

ಯಾವಗಲ್ ಸರ್ ನೋಟಬುಕ್ಕಿನ ಕೊನೆಯ ಹಾಳೆ ತೆರೆದರು. ಪೆನ್ಸಿಲಿನ ಬರಹ ಮಸುಕಾಗಿದ್ದರೂ ಓದಲು ಬರುತ್ತಿತ್ತು. ಪ್ರಶ್ನೆಯ ಚಿಹ್ನೆಯನ್ನು ಅವರು ಅಲ್ಲೇ ಹೊಡೆದು ಹಾಕಿದರು. "ದಾವಲಸಾಬರ, ತಪ್ಪಾತ್ರಿ ನಮ್ದು," ಎಂದರು. "ನಾಕು ವರ್ಷದ ಹಿಂದ ನೀವು ಹೇಳಿದ್ದು ಖರೇ ಐತಿ." ದಾವಲಸಾಬರ ಕಣ್ಣು ತುಂಬಿದವು.

ಆಗ ಆ ಹುಡುಗಿ, ಏನೂ ಅರಿಯದವಳು, ಕುತೂಹಲದಿಂದ ಕೇಳಿದಳು. "ಇಷ್ಟು ದೂರದ್ದನ್ನ ಅವಾಗ ಹೆಂಗ ಓದಿದ್ರಿ ಅಜ್ಜಾರ?"

ಖಾದರ ಪಕ್ಕದಲ್ಲೇ ನಿಂತಿದ್ದ. ಅವನ ಕಣ್ಣು ಅವಳ ಕ್ಯಾಮೆರಾದ ಮೇಲಿತ್ತು. ಹುಬ್ಬಳ್ಳಿಯ ಅಂಗಡಿ ಅವನಿಗೆ ನೆನಪಾಗುತ್ತಿತ್ತು, ಮುಖ ಸಣ್ಣದಾಗುತ್ತಿತ್ತು. ದಾವಲಸಾಬ ಅದನ್ನು ಕಂಡರು. ನನ್ನನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು.

"ಇದರಾಗ ನೋಡಿದ್ನವ್ವಾ. ನಮ್ಮ ಅಳಿಯಂದ್ರು ಆರಿಸಿ ಕೊಡಿಸಿದ್ದು. ಭಾಳ ಚಲೋ ಕ್ಯಾಮೆರಾ."

ಕುರಿಯ ಕಿವಿಯನ್ನು ಕಂಡಿದ್ದ ಯಾವಗಲ್ ಸರ್ ಅವರನ್ನೊಮ್ಮೆ ನೋಡಿದರು. ಆಮೇಲೆ ನೋಟಬುಕ್ ಮುಚ್ಚಿ ಕೆರೆಯ ಕಡೆ ತಿರುಗಿ ನಿಂತರು. ಖಾದರ ಮಗಳನ್ನು ಹೆಗಲ ಮೇಲೆ ಸರಿಯಾಗಿ ಕೂರಿಸಿಕೊಂಡು, "ನಾ ಅವತ್ತಽ ಹೇಳಿದ್ನಿಲ್ರಿ, ಮಾವಾರ?" ಎಂದ.

"ಹೇಳಿದ್ರಿ," ಎಂದರು ದಾವಲಸಾಬ.

ಈಗ ನಾನು ಅವರ ಟ್ರಂಕಿನಲ್ಲಿದ್ದೇನೆ, ಡಿಪೋದ ಹಳೆಯ ಖಾಕಿ ಅಂಗಿಯಲ್ಲಿ ಸುತ್ತಿಸಿಕೊಂಡು. ಗ್ರೀಸಿನ ವಾಸನೆ ಇನ್ನೂ ಅದರಲ್ಲಿದೆ. ಇನ್ನು ಯಾರೂ ನನ್ನನ್ನು ಹೊರಗೆ ತೆಗೆಯಬೇಕಾಗಿಲ್ಲ, ನನಗೂ ಆಸೆಯಿಲ್ಲ. ಸಾವಿರಾರು ಫೋಟೋ ತೆಗೆದೆ, ಒಂದಕ್ಕೂ ಯಾರೂ ಭೇಷ್ ಅನ್ನಲಿಲ್ಲ. ತೆಗೆಯದ ಒಂದು ಫೋಟೋಕ್ಕೆ ಅನ್ನಿಸಿಕೊಂಡೆ. ಎಂದೂ ಸುಳ್ಳಾಡದ ಮನುಷ್ಯ, ತಾವು ಸುಳ್ಳುಗಾರರಲ್ಲ ಎಂದು ಸಾಬೀತಾದ ಗಳಿಗೆಯಲ್ಲೇ ಆ ಸುಳ್ಳು ಹೇಳಿದರು. ನನಗಾಗಿ ಹೇಳಿದ್ದಲ್ಲ, ಗೊತ್ತು. ಆದರೂ ಅದನ್ನು ಹೇಳುವಾಗ ಅವರು ನನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.