ಕುದುರೆ ಕಾರ್ಡಿನ ಅಂಚು

ಅಂಗಡಿಯವರು ಕುದುರೆ ಚಿತ್ರದ ಕಾರ್ಡಿನ ಮೇಲೆ ಅದೇ ಆಟದ ಇನ್ನೊಂದು ಕಾರ್ಡನ್ನಿಟ್ಟು, ಎರಡನ್ನೂ ಮೇಜಿಗೆ ಮೆಲ್ಲಗೆ ಕುಟ್ಟಿ ಸಮ ಮಾಡಿದರು. ಆಮೇಲೆ ಕತ್ತಿನಲ್ಲಿ ತೂಗುತ್ತಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದರು. ಹಳೆಯ ಆಟದ ಕಾರ್ಡುಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವ ಅವರನ್ನು ಬೀದಿಯವರೆಲ್ಲ ಕರೆಯುತ್ತಿದ್ದುದೇ ಭೂತಗನ್ನಡಿ ಎಂದು.

"ಇದನ್ನ ಯಾರೋ ಕತ್ತರಿಸಿದ್ದಾರಮ್ಮ. ಕೂದಲೆಳೆಯಷ್ಟು ಚಿಕ್ಕದಾಗಿದೆ ನೋಡಿ."

"ಕತ್ತರಿಸೋದಾ? ನಮ್ಮಣ್ಣ ಚಿಕ್ಕಂದಿನಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದು ಸಾರ್!" ಎಂದಳು ಸೊಸೆ.

ಪಕ್ಕದ ಸ್ಟೂಲಿನಲ್ಲಿ ಅವಳ ಮಾವ ಕೂತಿದ್ದರು. ಪುಸ್ತಕಕ್ಕೆ ರಟ್ಟು ಕಟ್ಟುವುದು ಅವರ ಕಸುಬು. ಬೇಡವೆಂದರೂ ಕೇಳದೆ, ಒಗೆದ ಅಂಗಿ ತೊಟ್ಟು ಅವಳ ಹಿಂದೆಯೇ ಬಂದಿದ್ದರು. ಕಾರ್ಡು ನೋಡಿ ಅಂಗಡಿಯವರು ಶಹಬ್ಬಾಸ್ ಅನ್ನುವುದನ್ನು ಕಿವಿಯಾರೆ ಕೇಳಬೇಕಿತ್ತು.

ಸೊಸೆಯ ಅಣ್ಣ ಹಡಗಿನಲ್ಲಿ ಅಡುಗೆಯವನು. ಅವನು ಕೂಡಿಟ್ಟ ಕಾರ್ಡುಗಳಲ್ಲಿ ದೋಣಿಗಾರನೊಬ್ಬನೇ ಕೊರತೆ. ಕುದುರೆ ಮಾತ್ರ ಎರಡಿದ್ದವು. ಸಿಕ್ಕರೆ ಒಂದನ್ನು ಕೊಟ್ಟು ಬದಲಾಯಿಸು ಎಂದು ಅವನೇ ತಂಗಿಗೆ ಹೇಳಿ ಹೋಗಿದ್ದ. ಈಗ ದೋಣಿಗಾರ ಈ ಅಂಗಡಿಯಲ್ಲಿ ಸಿಕ್ಕಿದ್ದ, ಮುಂದಿನ ವಾರ ಅಣ್ಣನೂ ಬರುವವನಿದ್ದ. ಸೊಸೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತನ್ನದೂ ಒಂದು ಕೈ ಇರಲಿ ಎಂದು ಮಾವನಿಗೂ ಅನ್ನಿಸಿತ್ತು.

ಕಾರ್ಡಿನ ಅಂಚು ಸವೆದು ಬೆಳ್ಳಗೆ ಜುಂಗೆದ್ದಿದ್ದನ್ನು ಕಂಡ ಮೇಲಂತೂ ಅವರ ಕೈ ಸುಮ್ಮನಿರಲಿಲ್ಲ. ಅಂಥ ಅಂಚಿನ ಪುಸ್ತಕವನ್ನು ಹೊಸಿಲು ದಾಟಲು ಬಿಟ್ಟವರೇ ಅಲ್ಲ. ಕಾರ್ಡನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟು, ನಾಲ್ಕೂ ಕಡೆ ಸವರಿ, ಬೆರಳಾಡಿಸಿ ಹಿಗ್ಗಿ, ಸೊಸೆಗೆ ಹೇಳದೆ ಲಕೋಟೆಗೆ ಸೇರಿಸಿಟ್ಟಿದ್ದರು.

"ಸವೆದಿದ್ರೂ ತಗೋತಿದ್ದೆ," ಎಂದರು ಭೂತಗನ್ನಡಿ. "ಸವೆದಿದೆ ಅಂದ್ರೆ ಮಕ್ಕಳು ಆಡಿದ್ದಾರೆ ಅಂತ. ಕತ್ತರಿಸಿದೆ ಅಂದ್ರೆ ಯಾರೋ ಏನೋ ಮುಚ್ಚಿಡ್ತಿದ್ದಾರೆ ಅಂತ. ಇಂಥ ಕೈಚಳಕ ಬೇಕಾದಷ್ಟು ನೋಡಿದೀನಿ ತಾಯಿ. ದೋಣಿಗಾರನ್ನ ಕೊಡೋಕಾಗಲ್ಲ."

ಸೊಸೆಯ ಮುಖ ಕೆಂಪೇರಿತು. ಮಾವ ಎದ್ದು ನಿಂತರು.

"ಅವಳನ್ನ ಏನೂ ಅನ್ನಬೇಡಿ. ಕೈಚಳಕ ನಂದು. ಅಂಚು ಗಲೀಜಾಗಿತ್ತು, ನೀಟಾಗ್ಲಿ ಅಂತ..."

ಭೂತಗನ್ನಡಿ ಅವರ ಗೋಂದು ಮೆತ್ತಿದ ಉಗುರುಗಳನ್ನು ನೋಡಿದರು. ದನಿ ಇಳಿಯಿತು. "ನೀಟಾಗೇನೋ ಮಾಡಿದ್ದೀರಿ ಯಜಮಾನ್ರೇ. ಆದರೂ ಆಗಲ್ಲ."

"ಮಾವ," ಸೊಸೆಯ ದನಿ ಸಣ್ಣಗಾಯಿತು, "ಉಳಿದ ಕಾರ್ಡುಗಳು?"

"ಮೆಷಿನ್ನಿಗೆ ಕೊಟ್ಟಿದೀನಿ."

"ಅಯ್ಯೋ!"

"ಬರೀ ಒತ್ತಿಟ್ಟಿದೀನಮ್ಮ, ಅಲಗು ಇಳಿಸಿಲ್ಲ. ಇಲ್ಲಿಂದ ಹೋದ್ಮೇಲೆ ಕತ್ತರಿಸೋಣ ಅಂತಿದ್ದೆ."

ಲಕೋಟೆ ಹಿಡಿದು ಅವಳು ಮುಂದೆ ಮುಂದೆ ನಡೆದಳು. ಮನೆಯ ತಿರುವಿನಲ್ಲಿ ನಿಂತು, "ನನ್ನ ಚಪ್ಪಲಿ ಅಂಚೂ ಸವೆದಿದೆ ಮಾವ. ಮೆಷಿನ್ನಿಗೆ ಕೊಡ್ತೀರಾ?" ಎಂದಳು.

ನಗಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. "ನಿಮ್ಮಣ್ಣಂಗೆ ಏನಂತ ಹೇಳ್ಲಿ?"

"ನೀವೇನೂ ಹೇಳೋದು ಬೇಡ. ನಾನಿದೀನಲ್ಲ."

ಯಂತ್ರದ ತಿರುಪನ್ನು ಅವಳೇ ಸಡಿಲಿಸಿ ಕಾರ್ಡುಗಳನ್ನು ಹೊರತೆಗೆದಳು. ಒಂದೊಂದನ್ನೇ ಅಣ್ಣನ ಆಲ್ಬಮ್ಮಿನ ಕಿಸೆಗೆ ಇಳಿಸುತ್ತಾ ಬಂದು, ದೋಣಿಗಾರನ ಕಿಸೆಯೊಂದನ್ನು ಖಾಲಿ ಬಿಟ್ಟು, ಎದ್ದು ಒಳಗೆ ಹೋದಳು.

ಮಾವ ದಪ್ಪ ಕಾಗದದ ಚೂರೊಂದನ್ನು ಹುಡುಕಿ, ಉಳಿದಿದ್ದ ಇನ್ನೊಂದು ಕುದುರೆಯ ಅಳತೆಗೆ ಸರಿಯಾಗಿ ಕತ್ತರಿಸಿ ಆ ಕಿಸೆಗಿಟ್ಟರು. ಸವೆದ ಕಾರ್ಡುಗಳ ನಡುವೆ ಅದು ಹೊಸ ನೆಂಟನ ಹಾಗೆ ಬಿಮ್ಮನೆ ಕೂತಿತು. ಮತ್ತೆ ಹೊರತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಅದರ ಚೂಪು ಮೂಲೆಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜತೊಡಗಿದರು, ಬೆಳ್ಳಗೆ ಜುಂಗೇಳುವವರೆಗೆ.