ಎಫ್‌ಗೆ ಇಳಿಯುವ ಬೇಸ್

ನನ್ನ ತಮ್ಮನನ್ನು ಎಲ್ಲರೂ ಗುಮ್ಮ ಅನ್ನುತ್ತಾರೆ. ಆ ಹೆಸರಿಟ್ಟವಳು ನಾನೇ. ಬಾಯಿ ಬಿಟ್ಟರೆ ಮುತ್ತು ಉದುರೀತೆಂಬ ಹಾಗೆ ಇರುತ್ತಾನೆ. ನಮ್ಮ ಡ್ಯಾನ್ಸ್ ಮ್ಯೂಸಿಕ್‌ನಲ್ಲಿ ಇಬ್ಬರದೂ ಕೀಬೋರ್ಡೇ: ಮೇಲೆ ಕಾರ್ಡ್, ಅಂದರೆ ಒಟ್ಟಿಗೆ ಮೂರು ಸ್ವರ, ಹಿಡಿಯುವವಳು ನಾನು, ಕೆಳಗೆ ಬೇಸಿನ ತಗ್ಗು ಸ್ವರ ನುಡಿಸುವವನು ಅವನು. ಆರು ವರ್ಷದಿಂದ ಹೀಗೇ. ಚಪ್ಪಾಳೆ ಮಾತ್ರ ನನಗೆ. ಬೇಸ್ ಕಿವಿಗಿಂತ ಹೆಚ್ಚಾಗಿ ಹೊಟ್ಟೆಗೆ ಬೀಳುವಂಥದ್ದು, ಅದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ನಿನ್ನೆ ಕ್ಲಬ್ಬಿನ ಮ್ಯಾನೇಜರ್ ಫೋನ್ ಮಾಡಿದ್ದ.

"ಪ್ರತಿ ಶನಿವಾರ ನಿಮಗೇ ಕೊಡ್ತೀನಿ. ಆದ್ರೆ ನಿಮಗೊಬ್ಬರಿಗೆ. ಪೋಸ್ಟರಲ್ಲಿ ಒಂದೇ ಮುಖ ಇದ್ರೆ ಚೆನ್ನ. ಬೇಸ್ ಲ್ಯಾಪ್‌ಟಾಪಲ್ಲಿ ಹಾಕ್ಕೊಳ್ಳಿ. ನಾಳೆ ಟ್ರಯಲಲ್ಲಿ ನಾನು ಕೈ ಎತ್ತಿದ ತಕ್ಷಣ ನಿಮ್ಮ ತಮ್ಮಂದು ಆಫ್ ಮಾಡಿ, ಅದನ್ನ ಹಾಕಿ. ನೋಡೋಣ."

ಥೂ ಎಂದು ಫೋನ್ ಇಡಬೇಕಿತ್ತು. ಇಡಲಿಲ್ಲ. ಆ ಶನಿವಾರ ನನಗೆ ಬೇಕಿತ್ತು, ಬೇಕೇ ಬೇಕಿತ್ತು. ಗುಮ್ಮನಿಗೆ ಹೇಳುವ ಧೈರ್ಯವೂ ಬರಲಿಲ್ಲ. ಬಾಯೊಳಗಿನ ಬಿಸಿ ತುಪ್ಪದ ಹಾಗೆ ಆ ಮಾತನ್ನು ಇಟ್ಟುಕೊಂಡೇ ಬೆಳಗು ಮಾಡಿದೆ. ಬೇಸ್ ಬರೆಯುವ ಕೆಲಸವನ್ನು ಲ್ಯಾಪ್‌ಟಾಪಿಗೇ ಒಪ್ಪಿಸಿದೆ. ಅದು ನನ್ನ ಒಂದೊಂದು ಕಾರ್ಡಿನ ಮೂಲ ಸ್ವರವನ್ನೂ ತೆಗೆದು ಶಿಸ್ತಾಗಿ ಕೆಳಗೆ ಜೋಡಿಸಿಟ್ಟಿತು.

ಮಧ್ಯಾಹ್ನ ಮೂರಕ್ಕೆ ಟ್ರಯಲ್. ಖಾಲಿ ಹಾಲ್, ಟೇಬಲ್‌ಗಳ ಮೇಲೆ ಮಗುಚಿಟ್ಟ ಕುರ್ಚಿಗಳು. ಕೌಂಟರಿನಲ್ಲಿ ಲೋಟ ಒರೆಸುತ್ತಿದ್ದವಳು ನಮ್ಮ ತಾಳಕ್ಕೆ ತಲೆಯಾಡಿಸತೊಡಗಿದಳು. ಮ್ಯಾನೇಜರ್ ಎದೆಗೆ ಕೈ ಕಟ್ಟಿ ನಡುವೆ ನಿಂತಿದ್ದ.

ಲ್ಯಾಪ್‌ಟಾಪಿನ ಡ್ರಮ್ಮು ನಿಂತು ಕಾರ್ಡ್, ಬೇಸ್ ಮಾತ್ರ ಉಳಿಯುವ ಜಾಗ ಬಂತು. ಅಲ್ಲಿ ನಾಲ್ಕು ಸುತ್ತೂ ನನ್ನದು ಎ ಮೈನರ್ ಎಂಬ ಒಂದೇ ಕಾರ್ಡ್. ಗುಮ್ಮ ಮೂರು ಸುತ್ತು ಅದರ ಮೂಲ ಸ್ವರ ಎ ಹಿಡಿದು, ನಾಲ್ಕನೆಯದಕ್ಕೆ ಇನ್ನೂ ಕೆಳಗಿನ ಎಫ್‌ಗೆ ಇಳಿಯುತ್ತಾನೆ. ನನ್ನ ಬೆರಳು ಕದಲುವುದೇ ಇಲ್ಲ, ಆದರೂ ಅಳುತ್ತಿದ್ದ ಕಾರ್ಡ್ ಕಣ್ಣೊರೆಸಿಕೊಂಡು ಎದ್ದು ಕೂತ ಹಾಗಾಗುತ್ತದೆ. ಇವತ್ತೂ ಹಾಗೇ ಆಯಿತು. ಅದೇ ಜಾಗ ಎರಡನೇ ಸಲ ಬರುವ ಹೊತ್ತಿಗೆ ಮ್ಯಾನೇಜರ್ ಕೈ ಎತ್ತಿದ.

ಗುಮ್ಮನ ಬೇಸ್ ಆಫ್ ಮಾಡಿ, ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ.

ಗುಮ್ಮನ ಬೆರಳು ನುಡಿಸುತ್ತಲೇ ಇತ್ತು, ಸದ್ದು ಮಾತ್ರ ಅವನದಲ್ಲ. ಅರ್ಧ ಸುತ್ತಿನಲ್ಲೇ ಅವನಿಗೆ ಗೊತ್ತಾಯಿತು. ಮೊದಲು ವೈರ್ ನೋಡಿದ, ಆಮೇಲೆ ನನ್ನ ಲ್ಯಾಪ್‌ಟಾಪ್, ಆಮೇಲೆ ನನ್ನ ಮುಖ. ನಾನು ಕಣ್ಣು ತಪ್ಪಿಸಿದೆ. ನಾಲ್ಕನೇ ಸುತ್ತು ಬಂತು. ಅವನ ಬೆರಳು ಎಫ್‌ಗೆ ಇಳಿಯಿತು. ಲ್ಯಾಪ್‌ಟಾಪ್ ಎ ಮೇಲೇ ಕುಂತಿತ್ತು, ಕಲ್ಲುಗುಂಡಿನ ಹಾಗೆ. ಲೋಟ ಒರೆಸುವವಳ ತಲೆ ಆಡುವುದು ನಿಂತಿತು.

"ನಿಲ್ಸಿ, ನಿಲ್ಸಿ," ಮ್ಯಾನೇಜರ್ ಕೂಗಿದ. "ಸಪ್ಪೆ! ಏನಾಯ್ತೋ ಗೊತ್ತಿಲ್ಲ, ಸಪ್ಪೆ. ಬಿಡಿ, ನಾನು ಬೇರೆಯವರನ್ನ ನೋಡ್ಕೋತೀನಿ."

ಆ ಶನಿವಾರ ಇನ್ನು ಇಬ್ಬರಿಗೂ ಇಲ್ಲ, ಒಬ್ಬರಿಗೂ ಇಲ್ಲ.

"ಒಂದ್ನಿಮಿಷ ಸಾರ್," ಅಂದ ಗುಮ್ಮ. ನನ್ನ ಪಕ್ಕಕ್ಕೆ ಬಂದು ಲ್ಯಾಪ್‌ಟಾಪಿಗೆ ಬಗ್ಗಿದ. "ಅಕ್ಕ, ಇಲ್ಲಿ ಮೂಲ ಸ್ವರ ಇಡಬಾರ್ದು ಕಣೆ. ಕಾರ್ಡ್ ಅಲ್ಲೇ ಇರುತ್ತಲ್ಲ, ಬೇಸಾದ್ರೂ ಹೊರಡಬೇಕು."

ಒಂದೇ ಒಂದು ಸ್ವರವನ್ನು ಎಳೆದು ಎಫ್‌ಗೆ ಇಳಿಸಿದ. ಇಳಿಸಿದರೆ ತನ್ನ ಜಾಗ ಲ್ಯಾಪ್‌ಟಾಪಿನದಾಗುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಇಳಿಸಿದ.

ಮತ್ತೆ ನುಡಿಸಿದೆ. ನಾಲ್ಕನೇ ಸುತ್ತಿಗೆ ಕೌಂಟರಿನವಳು ಲೋಟ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು. ಮ್ಯಾನೇಜರ್ ಚಪ್ಪಾಳೆ ತಟ್ಟಿದ.

"ಇದಪ್ಪಾ ಅಂದ್ರೆ! ಶನಿವಾರ ನಿಮ್ದೇ. ಏನ್ಮಾಡಿದ್ರಿ ಈಗ? ಯಾರ ಐಡಿಯಾ?"

ಗುಮ್ಮ ಅಷ್ಟು ಹೊತ್ತಿಗೆ ತನ್ನ ಕೀಬೋರ್ಡಿನ ವೈರ್ ಸುತ್ತುತ್ತಿದ್ದ. 'ನನ್ನ ತಮ್ಮನದು' ಎನ್ನಲು ಬಾಯಿ ತೆರೆದೆ.

"ನಂದೇ," ಅಂದೆ. "ಸಣ್ಣದೊಂದು ತಪ್ಪಿತ್ತು, ಸರಿಮಾಡಿದೆ."

ವೈರ್ ಸುತ್ತುವ ಕೈ ಒಂದು ಗಳಿಗೆ ನಿಂತಿತು. ಅವನು ತಲೆ ಎತ್ತಲಿಲ್ಲ.

"ಶನಿವಾರ ಬೇಸ್ ಜಾಸ್ತಿ ಕೊಡಬೇಡ ಅಕ್ಕ," ಅಂದ. "ಈ ಸ್ಪೀಕರಲ್ಲಿ ಎಫ್ ಸ್ವರ ಒಡೆಯುತ್ತೆ."

ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.